ಹೊಸ ಮೋಟಾರು ಸೈಕಲ್ಲಿಗೆ ಯಾವ ಎಣ್ಣೆ?

(ಸಂಘದ ವಾರ್ಷಿಕೋತ್ಸವದಂದು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ವಿದ್ಯೆ, ವಿನಯ, ನಾಡು, ನುಡಿಗಳ ವಿಚಾರವಾಗಿ ಮಾತನಾಡುವುದು ವಾಡಿಕೆ. ನಾವು ಎಣ್ಣೆಯ ವಿಚಾರವನ್ನು ಎತ್ತಿಕೊಂಡುದನ್ನು ಕಂಡು ಹಲವರಿಗೆ ನಗು ಬಂದಿರಬೇಕು. ಅದೂ ತಲೆಗೆ ಹಚ್ಚುವ ಎಣ್ಣೆಯಲ್ಲ, ಒಗ್ಗರಣೆಯ ಎಣ್ಣೆಯೂ ಅಲ್ಲ. ಮೋಟಾರು ಸೈಕಲ್ಲಿನ ಎಂಜಿನ್ನಿಗೆ ಹಾಕುವ ಎಣ್ಣೆ!

ಆದರೆ ನಮ್ಮ ಮನೆಗಳ ಸ್ಥಿತಿಯನ್ನು ತುಸು ನೆನೆಯಿರಿ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲಸಿರುವ ನಮ್ಮ ಕನ್ನಡ ಮನೆತನಗಳಲ್ಲಿ ಮಗ್ಗದವರುಂಟು, ಹೊಲದವರುಂಟು, ಬನಿಯನ್ ಕಂಪನಿಗಳಲ್ಲಿ ಕತ್ತರಿಸುವವರೂ ಹೊಲಿಯುವವರೂ ಉಂಟು. ದೀಪಾವಳಿಯ ಬೋನಸ್ಸು ಕೈಗೆ ಬಂದೊಡನೆ ಅದನ್ನು ಮುಂಗಡವಾಗಿ ಕಟ್ಟಿ, ಉಳಿದ ಹಣಕ್ಕೆ ವರ್ಷಗಟ್ಟಲೆ ಕಂತು ಮಾಡಿಸಿಕೊಂಡು ಬಂಡಿ ತರುವ ಮನೆಗಳೇ ಹೆಚ್ಚು. ಆ ಬಂಡಿ ವಿಲಾಸದ ವಸ್ತುವಲ್ಲ. ಪಲ್ಲಡದಿಂದ ತಿರುಪ್ಪೂರಿಗೆ ರಾತ್ರಿಯ ಪಾಳಿಗೆ ಹೋಗುವುದು ಅದರ ಮೇಲೆ; ನೂಲಿನ ಗಂಟನ್ನು ಮಗ್ಗದ ಮನೆಗೆ ತರುವುದು ಅದರ ಮೇಲೆ; ಜ್ವರ ಬಂದ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯುವುದೂ ಅದರ ಮೇಲೆಯೇ. ಇಂತಹ ಬಂಡಿ ಕಂತು ತೀರುವ ಮೊದಲೇ ನೀಲಿ ಹೊಗೆ ಉಗುಳಿ ಎಣ್ಣೆಯನ್ನು ಕುಡಿಯತೊಡಗಿದರೆ ಆ ಸಂಸಾರಕ್ಕೆ ಬೀಳುವ ಪೆಟ್ಟು ಸಣ್ಣದಲ್ಲ. ಅದು ದೀರ್ಘಕಾಲ ಬಾಳುವುದೋ ಇಲ್ಲವೋ ಎಂಬುದರಲ್ಲಿ ದೊಡ್ಡ ಪಾಲು ಮೊದಲ ಸಾವಿರ ಕಿಲೋಮೀಟರುಗಳ ಒಳಗೆ ನಿರ್ಣಯವಾಗುತ್ತದೆ. ಆದಕಾರಣ ಈ ವಿಷಯವನ್ನು ಆರಿಸಿಕೊಂಡೆವು.

ಹೊಸ ಬಂಡಿಗೆ ಯಾವ ಎಣ್ಣೆ ಹಾಕಬೇಕೆಂದು ಅಂಗಡಿಯಲ್ಲಿ ಕೇಳಿದರೆ ಒಂದು ಉತ್ತರ, ಮೆಕ್ಯಾನಿಕ್ಕನ ಬಳಿ ಕೇಳಿದರೆ ಇನ್ನೊಂದು, ಪಕ್ಕದ ಮನೆಯ ತರುಣನನ್ನು ಕೇಳಿದರೆ ಮತ್ತೊಂದು. ಯಾರ ಮಾತು ಸರಿಯೆಂದು ತಿಳಿಯಬೇಕಾದರೆ ಎಂಜಿನ್ನಿನ ಒಳಗನ್ನು ಒಮ್ಮೆ ನೋಡಿದಲ್ಲದೆ ಆಗದು.

ಯಂತ್ರದ ಒಳಗನ್ನು ನೋಡುವ ಹಂಬಲಕ್ಕೆ ನಮ್ಮ ಕೊಯಮತ್ತೂರಿನಲ್ಲಿಯೇ ಒಂದು ದೊಡ್ಡ ಹೆಸರುಂಟು. ೧೮೯೩ರಲ್ಲಿ ಕಲಂಗಲ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಜಿ.ಡಿ. ನಾಯುಡು ಅವರು ಹುಡುಗತನದಲ್ಲಿ ಶಾಲೆಗೆ ಒಗ್ಗಿದವರಲ್ಲ. (ವಿದ್ಯಾರ್ಥಿಗಳು ಈ ಒಂದು ಅಂಶವನ್ನು ಅನುಕರಿಸಬೇಕಾಗಿಲ್ಲ.) ಒಬ್ಬ ಆಂಗ್ಲ ಅಧಿಕಾರಿ ಏರಿ ಬಂದ ರಡ್ಜ್ ಮೋಟಾರು ಸೈಕಲ್ಲನ್ನು ಕಂಡ ದಿನದಿಂದ ಅದೇ ಧ್ಯಾನವಾಯಿತು. ಹಳ್ಳಿಯನ್ನು ಬಿಟ್ಟು ಕೊಯಮತ್ತೂರಿಗೆ ಬಂದು, ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ನಿಂತು, ಕಾಸಿಗೆ ಕಾಸು ಕೂಡಿಟ್ಟು ಅದೇ ಬಂಡಿಯನ್ನು ಕೊಂಡರು. ಕೊಂಡ ಮೇಲೆ ಅವರು ಮಾಡಿದುದೇನು? ಊರು ಸುತ್ತಲಿಲ್ಲ, ಅದನ್ನು ತಿರುಪು ತಿರುಪಾಗಿ ಬಿಚ್ಚಿ, ಮತ್ತೆ ಜೋಡಿಸಿ, ಹೇಗೆ ನಡೆಯುತ್ತದೆಂದು ತಿಳಿದುಕೊಂಡರು. ೧೯೨೦ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಬಸ್ಸು ಓಡಿಸಿದುದು, ೧೯೩೭ರಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ವಿದ್ಯುತ್ ಮೋಟಾರನ್ನು ಹೊರತಂದುದು ಇವೆಲ್ಲ ಆಮೇಲಿನ ಮಾತು. ಅವರ ಮನೆತನದವರು ಅವಿನಾಶಿ ರಸ್ತೆಯಲ್ಲಿ ನಡೆಸುತ್ತಿರುವ ಹಳೆಯ ಮೋಟಾರುಗಳ ಸಂಗ್ರಹಾಲಯವನ್ನು ಮಕ್ಕಳಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಕಂತಿನ ಬಂಡಿಯನ್ನು ನಾವು ಬಿಚ್ಚಬೇಕಾಗಿಲ್ಲ; ಮನಸ್ಸಿನಲ್ಲಿ ಬಿಚ್ಚಿದರೆ ಸಾಕು. ಎಂಜಿನ್ನಿನ ನಡುವೆ ಸಿಲಿಂಡರ್ ಎಂಬ ಕೊಳವೆಯುಂಟು. ಅದರೊಳಗೆ ಪಿಸ್ಟನ್ ಎಂಬ ಅಲ್ಯೂಮಿನಿಯಂ ಗುಂಡು ನಿಮಿಷಕ್ಕೆ ಸಾವಿರಾರು ಬಾರಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಪಿಸ್ಟನ್ನಿನ ಸುತ್ತ ಉಂಗುರಗಳಿವೆ. ಮೇಲೆ ಉರಿಯುವ ಪೆಟ್ರೋಲಿನ ಅನಿಲವು ಕೆಳಗೆ ಸೋರದಂತೆಯೂ, ಕೆಳಗಿನ ಎಣ್ಣೆಯು ಮೇಲೆ ಏರದಂತೆಯೂ ತಡೆಯುವುದು ಈ ಉಂಗುರಗಳ ಕೆಲಸ. ಸಿಲಿಂಡರಿನ ಒಳಮೈ ಕನ್ನಡಿಯಂತೆ ನುಣುಪಾಗಿರುವುದೆಂದು ನೀವು ಎಣಿಸಬಹುದು. ಹಾಗಲ್ಲ. ಕಾರ್ಖಾನೆಯಲ್ಲಿ ಅದರ ಮೇಲೆ ಬೇಕೆಂದೇ ಅಡ್ಡಡ್ಡಲಾಗಿ ಅತಿ ಸೂಕ್ಷ್ಮವಾದ ಗೀರುಗಳನ್ನು ಎಳೆದಿರುತ್ತಾರೆ. ಆ ಗೀರುಗಳ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ. ಗೀರುಗಳ ನಡುವಣ ಏಣುಗಳು ಹೊಸ ಉಂಗುರಗಳ ಅಂಚಿಗೆ ಉಜ್ಜಿ, ತಾವೂ ಸವೆದು ಉಂಗುರಗಳನ್ನೂ ಸವೆಸಿ, ಕಡೆಗೆ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇದಕ್ಕೆ ಆಂಗ್ಲರು ‘ರನ್ನಿಂಗ್ ಇನ್’ ಎಂದರು. ನಾವು ‘ಪಳಗಿಸುವುದು’ ಎನ್ನೋಣ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಎಣ್ಣೆಯ ಧರ್ಮ ಉಜ್ಜಾಟವನ್ನು ತಡೆಯುವುದು. ಆದರೆ ಈ ಮೊದಲ ದಿನಗಳಲ್ಲಿ ಹಿತಮಿತವಾದ ಉಜ್ಜಾಟವೇ ನಮಗೆ ಬೇಕಾಗಿದೆ! ಉಜ್ಜಾಟ ಮಿತಿಮೀರಿದರೆ ಕಾವೇರಿ ಲೋಹ ಲೋಹವನ್ನು ಕಚ್ಚಿ ಗಾಯವಾಗುತ್ತದೆ. ತೀರ ಕಡಿಮೆಯಾದರೆ ಏಣುಗಳು ಸವೆಯುವುದಿಲ್ಲ. ಅವುಗಳ ಮೇಲೆ ಎಣ್ಣೆಯೇ ಬೆಂದು ಅರಗಿನಂತೆ ಹೊಳಪುಗಟ್ಟಿಕೊಳ್ಳುತ್ತದೆ. ಮುಂದೆ ಉಂಗುರ ಎಂದಿಗೂ ಸರಿಯಾಗಿ ಕೂರದು. ನೀಲಿ ಹೊಗೆಯ ಮೂಲ ಬಹುಮಟ್ಟಿಗೆ ಇದೇ.

ಆದುದರಿಂದಲೇ ಹಳೆಯ ಮೆಕ್ಯಾನಿಕ್ಕುಗಳು ‘ಹೊಸ ಬಂಡಿಗೆ ಸಾದಾ ಎಣ್ಣೆಯೇ ಇರಲಿ, ಸಿಂಥೆಟಿಕ್ ಆಮೇಲೆ’ ಎಂದು ಹೇಳುತ್ತಾರೆ. ಸಾದಾ ಎಣ್ಣೆಯೆಂದರೆ ನೆಲದಿಂದ ತೆಗೆದ ಕಚ್ಚಾ ತೈಲವನ್ನು ಶುದ್ಧಿಮಾಡಿ ಪಡೆದ ಮಿನರಲ್ ಎಣ್ಣೆ. ಸಿಂಥೆಟಿಕ್ ಎಂಬುದು ರಾಸಾಯನಿಕ ಕ್ರಮದಿಂದ ಅದರ ಅಣುಗಳನ್ನು ಒಂದೇ ಸಮನಾಗಿ ಕಟ್ಟಿ ತಯಾರಿಸಿದ ಎಣ್ಣೆ. ಕಾವಿಗೆ ಬೇಗ ಕೆಡದು, ಬೆಲೆಯೂ ಹೆಚ್ಚು. ಹಿರಿಯರ ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅವರು ಕಲಿತ ಕಾಲದಲ್ಲಿ ಸಿಲಿಂಡರುಗಳ ಒರಟು ಹೆಚ್ಚಾಗಿತ್ತು, ಪಳಗಲು ಬಹಳ ದಿನ ಹಿಡಿಯುತ್ತಿತ್ತು. ಹೊಸ ಕಾರು ಲಾರಿಗಳ ಬೆನ್ನಿನ ಮೇಲೆ ‘ರನ್ನಿಂಗ್ ಇನ್’ ಎಂಬ ಫಲಕವನ್ನೇ ತೂಗುಹಾಕುತ್ತಿದ್ದರು. ಈಗಿನ ಕಾರ್ಖಾನೆಗಳಲ್ಲಿ ಏಣುಗಳ ತುದಿಯನ್ನು ಅಲ್ಲಿಯೇ ಸವರಿ ಕಳುಹಿಸುತ್ತಾರೆ. ಪಳಗಿಸುವ ಕೆಲಸ ಅರ್ಧಕ್ಕರ್ಧ ಅಲ್ಲಿಯೇ ಮುಗಿದಿರುತ್ತದೆ. ಆದಕಾರಣ ‘ಸಿಂಥೆಟಿಕ್ ಹಾಕಿದರೆ ಎಂಜಿನ್ನು ಕೆಟ್ಟೇ ಹೋಗುತ್ತದೆ’ ಎಂಬ ಹೆದರಿಕೆಗೂ ಈಗ ಹಿಂದಿನ ಬಲವಿಲ್ಲ. ಕೆಲವು ಬಂಡಿಗಳಿಗೆ ತಯಾರಕರೇ ಮೊದಲಿನಿಂದ ಅರೆ ಸಿಂಥೆಟಿಕ್ ಅಥವಾ ಪೂರ್ಣ ಸಿಂಥೆಟಿಕ್ ಎಣ್ಣೆಯನ್ನು ಹೇಳಿರುವುದೂ ಉಂಟು.

ಹಾಗಾದರೆ ನಮ್ಮ ತೀರ್ಮಾನವೇನು? ಬಂಡಿಯೊಡನೆ ಬರುವ ಸಣ್ಣ ಪುಸ್ತಕ ಯಾವ ಎಣ್ಣೆಯನ್ನು ಹೇಳುತ್ತದೆಯೋ ಅದು. ಅದಕ್ಕಿಂತ ಅಗ್ಗದ್ದೂ ಬೇಡ, ಅದಕ್ಕಿಂತ ‘ಉತ್ತಮ’ವಾದದ್ದೂ ಬೇಡ. ಆ ಸಿಲಿಂಡರಿನಲ್ಲಿ ಎಷ್ಟು ಗೀರು ಎಳೆದೆವು, ಉಂಗುರಕ್ಕೆ ಯಾವ ಲೋಹ ಬಳಸಿದೆವು ಎಂಬುದನ್ನು ಬಲ್ಲವರು ಅದನ್ನು ಮಾಡಿದವರು. ನಮ್ಮಲ್ಲಿ ಬಹುಮಂದಿ ಆ ಪುಸ್ತಕವನ್ನು ಆರ್.ಸಿ. ಕಾಗದದೊಡನೆ ಬೀರುವಿನಲ್ಲಿಟ್ಟು ಕುಂಕುಮ ಹಚ್ಚಿ ಪೂಜಿಸುತ್ತೇವೆಯೇ ಹೊರತು ಓದುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಮಗುವೊಂದು ಇದ್ದರೆ ಎಣ್ಣೆಯ ಪುಟವನ್ನು ಓದಿಸಿ ಕನ್ನಡದಲ್ಲಿ ಹೇಳಿಸಿಕೊಳ್ಳಿರಿ. ಮಗುವಿಗೂ ಅದೊಂದು ಪಾಠವಾಗುತ್ತದೆ.

ನೆನಪಿಡಬೇಕಾದ ಮತ್ತೊಂದು ಸಂಗತಿ: ಬಂಡಿ ಮನೆಗೆ ಬರುವಾಗ ಅದರಲ್ಲಿ ಎಣ್ಣೆ ತುಂಬಿಯೇ ಇರುತ್ತದೆ. ಆ ಮೊದಲ ಎಣ್ಣೆಯನ್ನು ನಾವು ಆರಿಸುವುದಿಲ್ಲ. ನಮ್ಮ ಆಯ್ಕೆ ಬರುವುದು ಮೊದಲ ಸರ್ವೀಸಿನಲ್ಲಿ. ಸಾಮಾನ್ಯವಾಗಿ ೫೦೦ರಿಂದ ೧೦೦೦ ಕಿಲೋಮೀಟರಿನ ಒಳಗೆ. ಆಗ ಹಳೆಯ ಎಣ್ಣೆಯನ್ನು ಪೂರ್ತಿಯಾಗಿ ಇಳಿಸಿ ಹೊಸದನ್ನು ತುಂಬಬೇಕು. ‘ಒಂದೇ ತಿಂಗಳಾಯಿತು, ಎಣ್ಣೆ ಇನ್ನೂ ಚೆನ್ನಾಗಿಯೇ ಇದೆಯಲ್ಲ, ಒಂದು ಲೀಟರು ಏಕೆ ದಂಡ?’ ಎಂದು ಕೇಳುವವರುಂಟು. ನಮ್ಮ ತಾಯಂದಿರು ಇದಕ್ಕೆ ಉತ್ತರ ಬಲ್ಲರು. ಕೊಯಮತ್ತೂರಿನ ಗ್ರೈಂಡರು ನಾಡಿನಲ್ಲೆಲ್ಲ ಹೆಸರಾದುದು. ಹೊಸ ಗ್ರೈಂಡರು ಮನೆಗೆ ಬಂದ ದಿನ ಯಾವ ಗೃಹಿಣಿಯಾದರೂ ನೇರವಾಗಿ ಇಡ್ಲಿಯ ಹಿಟ್ಟನ್ನು ರುಬ್ಬುವಳೆ? ಮೊದಲು ತವುಡನ್ನೋ ನುಚ್ಚನ್ನೋ ಹಾಕಿ ತಿರುಗಿಸಿ, ಕಲ್ಲಿನ ಪುಡಿ ಕೂಡಿದ ಆ ಹಿಟ್ಟನ್ನು ಹೊರಗೆ ಚೆಲ್ಲುತ್ತಾಳೆ. ಎಂಜಿನ್ನಿನ ಮೊದಲ ಎಣ್ಣೆಯೂ ಆ ತವುಡಿನಂತೆಯೇ. ಸವೆದ ಏಣುಗಳ ಲೋಹದ ಪುಡಿಯೆಲ್ಲ ಅದರಲ್ಲಿ ಬೆರೆತಿರುತ್ತದೆ. ಅದನ್ನು ಉಳಿಸಿಕೊಂಡರೆ ಆ ಪುಡಿಯೇ ಅರದ ಹಾಗೆ ಬೇರಿಂಗುಗಳನ್ನು ತಿನ್ನುತ್ತದೆ. ಎಣ್ಣೆಯನ್ನು ಸೋಸುವ ಫಿಲ್ಟರು ಇದ್ದ ಬಂಡಿಗಳಲ್ಲಿ ಅದನ್ನೂ ಬದಲಾಯಿಸಬೇಕು. ಬರಿಯ ಜಾಲರಿ ಇದ್ದರೆ ತೆಗೆದು ತೊಳೆಯಬೇಕು. ಬಂಡಿ ತುಸು ಓಡಿ ಎಣ್ಣೆ ಬಿಸಿಯಾಗಿರುವಾಗ ಇಳಿಸಿದರೆ ಪುಡಿಯೂ ಅದರೊಡನೆ ಇಳಿಯುತ್ತದೆ. ನೂರರಿಂದ ನೂರೈವತ್ತು ಸಿ.ಸಿ.ಯ ಬಂಡಿಗಳಿಗೆ ಬೇಕಾಗುವುದು ಸುಮಾರು ಒಂದು ಲೀಟರು ಮಾತ್ರ. ಇದರಲ್ಲಿ ಮಾಡುವ ಉಳಿತಾಯ ಉಳಿತಾಯವಲ್ಲ.

ಇನ್ನು ಡಬ್ಬದ ಮೇಲಣ ಬರಹ. ಅಲ್ಲಿ ಬಣ್ಣಬಣ್ಣದ ಮಾತುಗಳು ಎಷ್ಟೇ ಇರಲಿ, ನೋಡಬೇಕಾದುದು ಮೂರು ಗುರುತುಗಳನ್ನು.

ಮೊದಲನೆಯದು ಎಸ್.ಎ.ಇ. ಎಂಬ ಅಕ್ಷರಗಳೊಡನೆ ಬರುವ ಅಂಕಿ. ಎಣ್ಣೆಯ ಮಂದವನ್ನು ತಿಳಿಸುವುದು. ೧೦ಡಬ್ಲ್ಯು-೩೦ ಎಂದೋ ೨೦ಡಬ್ಲ್ಯು-೪೦, ೨೦ಡಬ್ಲ್ಯು-೫೦ ಎಂದೋ ಇರುತ್ತದೆ. ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಣ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಬೇಗ ಹರಿಯುತ್ತದೆ. ಮುಂದಣ ಅಂಕಿ ದೊಡ್ಡದಾದಷ್ಟೂ ಕಾದಾಗ ಹೆಚ್ಚು ಮಂದವಾಗಿ ನಿಲ್ಲುತ್ತದೆ. ನಮ್ಮ ತಿರುಪ್ಪೂರು, ಧಾರಾಪುರಗಳ ಬಯಲಿನಲ್ಲಿ ಚಳಿಯ ಭಯವಿಲ್ಲ. ಚೈತ್ರ ವೈಶಾಖಗಳ ಬಿಸಿಲಿನದೇ ಭಯ. ಉದಕಮಂಡಲದಲ್ಲಿ ಮಾರ್ಗಶಿರ ಪುಷ್ಯಗಳ ಹಿಮ ಬೀಳುವ ಬೆಳಗಿನಲ್ಲಿ ಬಂಡಿ ಹೂಡುವವರ ಮಾತು ಬೇರೆ. ಹಾಗೆಂದು ‘ನಮ್ಮದು ಬಿಸಿಲು ಸೀಮೆ, ಮಂದವಾದ ಎಣ್ಣೆಯೇ ಒಳ್ಳೆಯದು’ ಎಂದು ಹತ್ತು-ಮೂವತ್ತರ ಬಂಡಿಗೆ ಇಪ್ಪತ್ತು-ಐವತ್ತನ್ನು ಸುರಿಯಬಾರದು. ಸಂದುಗಳು ಕಿರಿದಾಗಿರುವ ಎಂಜಿನ್ನಿನಲ್ಲಿ ಮಂದವಾದ ಎಣ್ಣೆ ಮುಟ್ಟಬೇಕಾದ ಕಡೆಗೆ ತಡವಾಗಿ ಮುಟ್ಟುತ್ತದೆ; ಪೆಟ್ರೋಲೂ ಹೆಚ್ಚು ಖರ್ಚು. ಬೇಸಗೆಗೂ ಚಳಿಗೂ ಬೇರೆ ಬೇರೆ ಎಣ್ಣೆ ಬೇಕಾದರೆ ಪುಸ್ತಕದಲ್ಲಿಯೇ ಅದಕ್ಕೆ ಪಟ್ಟಿ ಇರುತ್ತದೆ.

ಎರಡನೆಯದು ಎ.ಪಿ.ಐ. ಎಂಬ ದರ್ಜೆ, ಎಸ್.ಎಲ್., ಎಸ್.ಎಂ., ಎಸ್.ಎನ್. ಎಂದು ಅಕ್ಷರ ಮುಂದುವರಿದಂತೆ ಹೊಸ ದರ್ಜೆ. ಪುಸ್ತಕ ಹೇಳಿದುದಕ್ಕಿಂತ ಕೆಳಗಿನದಾಗದಿದ್ದರೆ ಸಾಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು, ಎಲ್ಲರೂ ಮರೆಯುವುದೂ ಅದನ್ನೇ. ಕಾರಿನಲ್ಲಿ ಎಂಜಿನ್ನಿಗೆ ಒಂದು ಎಣ್ಣೆ, ಗೇರುಪೆಟ್ಟಿಗೆಗೆ ಇನ್ನೊಂದು. ಕ್ಲಚ್ಚು ಸಾಮಾನ್ಯವಾಗಿ ಒಣಗಿಯೇ ಇರುತ್ತದೆ. ನಮ್ಮ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲಿಗೆ ಈ ಮೂರೂ ಒಂದೇ ಎಣ್ಣೆಯಲ್ಲಿ ಮೀಯುತ್ತವೆ. ಎಂಜಿನ್ನಿಗೆ ಜಾರುವಿಕೆ ಬೇಕು. ಕ್ಲಚ್ಚಿನ ಬಿಲ್ಲೆಗಳಿಗೆ ಹಿಡಿತ ಬೇಕು! ಒಂದೇ ಎಣ್ಣೆ ಎರಡನ್ನೂ ನಡೆಸಿಕೊಡಬೇಕು. ಪೆಟ್ರೋಲನ್ನು ಉಳಿಸುವ ಸಲುವಾಗಿ ಕಾರಿನ ಎಣ್ಣೆಗಳಿಗೆ ಇನ್ನಷ್ಟು ಜಾರಿಸುವ ದ್ರವ್ಯಗಳನ್ನು ಕೂಡಿಸತೊಡಗಿದ ಮೇಲೆ ಮೋಟಾರು ಸೈಕಲ್ಲುಗಳ ಕ್ಲಚ್ಚು ಜಾರತೊಡಗಿತು. ಆದುದರಿಂದ ಜಪಾನಿನವರು ೧೯೯೮ರಲ್ಲಿ ಮೋಟಾರು ಸೈಕಲ್ಲಿನ ಎಣ್ಣೆಗೇ ಪ್ರತ್ಯೇಕವಾದ ಜೆ.ಎ.ಎಸ್.ಒ. ಎಂಬ ಗುರುತನ್ನು ಏರ್ಪಡಿಸಿದರು. ಡಬ್ಬದ ಮೇಲೆ ಅದರೊಡನೆ ‘ಎಂ.ಎ.’ ಅಥವಾ ‘ಎಂ.ಎ.-೨’ ಎಂದಿದ್ದರೆ ಕ್ಲಚ್ಚಿಗೆ ಹಿಡಿತವುಂಟು. ‘ಎಂ.ಬಿ.’ ಎಂದಿದ್ದರೆ ಅದು ಬೆಲ್ಟಿನಿಂದ ನಡೆಯುವ, ಗೇರು ಬದಲಾಯಿಸುವ ಕೆಲಸವಿಲ್ಲದ ಸ್ಕೂಟರಿನ ಎಣ್ಣೆ. ಮನೆಯಲ್ಲಿ ಅಕ್ಕನ ಸ್ಕೂಟರೂ ತಮ್ಮನ ಮೋಟಾರು ಸೈಕಲ್ಲೂ ಇದ್ದರೆ ಒಂದರ ಡಬ್ಬದಲ್ಲಿ ಉಳಿದುದನ್ನು ಇನ್ನೊಂದಕ್ಕೆ ಸುರಿಯಬೇಡಿರಿ.

ಇದರ ಪರಿಣಾಮವನ್ನು ನಾವು ಕಂಡಿದ್ದೇವೆ. ಪರಿಚಯದ ತರುಣನೊಬ್ಬ ಹೊಸ ಬಂಡಿಗೆ ಎಲ್ಲಕ್ಕಿಂತ ದುಬಾರಿಯಾದ ಕಾರಿನ ಎಣ್ಣೆಯನ್ನು ಪ್ರೀತಿಯಿಂದ ಹಾಕಿಸಿದ. ಬಯಲಿನಲ್ಲಿ ಏನೂ ತಿಳಿಯಲಿಲ್ಲ. ಮೇಟ್ಟುಪಾಳೆಯಂ ದಾಟಿ ಕೂನೂರಿನ ಏರಿಗೆ ಹತ್ತಿದೊಡನೆ ಎಂಜಿನ್ನು ಬೊಬ್ಬಿಡುತ್ತದೆ, ಚಕ್ರ ಮಾತ್ರ ತೆವಳುತ್ತದೆ. ಕ್ಲಚ್ಚಿನ ಬಿಲ್ಲೆಗಳು ಜಾರಿ ಜಾರಿ ಕರಕಾದ ವಾಸನೆ. ಬಿಲ್ಲೆಗಳನ್ನು ಬದಲಾಯಿಸಿದ ಖರ್ಚಿನಲ್ಲಿ ಎರಡು ವರ್ಷದ ಎಣ್ಣೆ ಬರುತ್ತಿತ್ತು.

ಸಣ್ಣ ಸೀಸೆಗಳಲ್ಲಿ ಮಾರುವ ಬೆರಕೆ ದ್ರವ್ಯಗಳ ವಿಚಾರವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ‘ಎಣ್ಣೆಯೊಡನೆ ಇದನ್ನೂ ಹಾಕಿ, ಎಂಜಿನ್ನು ಬೆಣ್ಣೆಯಾಗುತ್ತದೆ’ ಎನ್ನುತ್ತಾರೆ. ಹೊಸ ಎಂಜಿನ್ನು ಬೆಣ್ಣೆಯಾಗಬೇಕಾಗಿಲ್ಲವೆಂದು ಆಗಲೇ ಹೇಳಿದೆವು.

ಹಿರಿಯರಲ್ಲಿ ಕೆಲವರಿಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಎಜ್ಡಿ ಬಂಡಿಗಳ ನೆನಪಿರಬಹುದು. ಐಡಿಯಲ್ ಜಾವಾ ಕಾರ್ಖಾನೆ ೧೯೬೦ರ ದಶಕದ ಆರಂಭದಿಂದ ೧೯೯೬ರ ವರೆಗೆ ನಡೆಯಿತು. ಅವು ಎರಡು ಹೊಡೆತದ ಎಂಜಿನ್ನುಗಳು. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಅಳೆದು ಬೆರೆಸಬೇಕಾಗಿತ್ತು. ಅಂತಹ ಬಂಡಿಗಳನ್ನು ಪಳಗಿಸುವಾಗ ಎಣ್ಣೆಯ ಅಳತೆ ತುಸು ಮುಂದಾಗಿರಲೆಂಬುದು ಅಂದಿನ ರೂಢಿ. ಆ ರೂಢಿಯನ್ನು ನೆನೆದು ಈಗಿನ ನಾಲ್ಕು ಹೊಡೆತದ ಬಂಡಿಗೂ ‘ಇನ್ನೊಂದಿಷ್ಟು ಇರಲಿ’ ಎಂದು ಹೆಚ್ಚಾಗಿ ಸುರಿಯುವವರಿದ್ದಾರೆ. ಅಳತೆಯ ಕಡ್ಡಿಯ ಮೇಲಿನ ಗೆರೆಯನ್ನು ಮೀರಿ ತುಂಬಿದರೆ ಒಳಗೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತವೆ; ನೊರೆ ಲೋಹವನ್ನು ಕಾಯಲಾರದು. ಬಂಡಿಯನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಕೆಲವು ನಿಮಿಷ ಓಡಿಸಿ ನಿಲ್ಲಿಸಿ, ಎಣ್ಣೆ ಕೆಳಗಿಳಿದ ಮೇಲೆ ಕಡ್ಡಿಯನ್ನು ನೋಡಬೇಕು. ಎರಡು ಗೆರೆಗಳ ನಡುವೆ ಇರತಕ್ಕದ್ದು. ಪಳಗುವ ದಿನಗಳಲ್ಲಿ ಎಂಜಿನ್ನು ತುಸು ಎಣ್ಣೆ ಕುಡಿಯುವುದು ಸಹಜ. ಆದಕಾರಣ ವಾರಕ್ಕೊಮ್ಮೆ ನೋಡಿರಿ. ಎಣ್ಣೆ ಕಪ್ಪಾಯಿತೆಂದು ಗಾಬರಿಪಡಬೇಡಿರಿ. ಒಳಗಿನ ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದುಕೊಳ್ಳುವುದೂ ಎಣ್ಣೆಯ ಕೆಲಸಗಳಲ್ಲಿ ಒಂದು.

ಎಷ್ಟು ಒಳ್ಳೆಯ ಎಣ್ಣೆ ಹಾಕಿದರೂ ಓಡಿಸುವ ಕ್ರಮ ತಪ್ಪಿದರೆ ಫಲವಿಲ್ಲ. ಕಾಂಗೇಯದ ಹೋರಿಯನ್ನು ನೊಗಕ್ಕೆ ಪಳಗಿಸುವುದನ್ನು ನಮ್ಮ ರೈತರು ಬಲ್ಲರು. ಮೊದಲ ದಿನವೇ ಹತ್ತಿಯ ಮೂಟೆ ಹೇರಿದ ಗಾಡಿಗೆ ಅದನ್ನು ಹೂಡುವುದಿಲ್ಲ. ಹಾಗೆಂದು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೂ ಅದು ಪಳಗುವುದಿಲ್ಲ. ಬರಿಗಾಡಿಗೆ ಹೂಡಿ, ನಡೆಸಿ, ನಿಲ್ಲಿಸಿ, ಮತ್ತೆ ನಡೆಸುತ್ತಾರೆ. ಹೊಸ ಬಂಡಿಯೂ ಹಾಗೆಯೇ. ವೇಗವನ್ನು ಏರಿಸುತ್ತಲೂ ಇಳಿಸುತ್ತಲೂ ಇರಬೇಕು. ಅವಿನಾಶಿಯಿಂದ ಸೇಲಂ ಹೆದ್ದಾರಿ ಹಿಡಿದು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬಾರದು. ಪುಸ್ತಕ ಹೇಳಿದ ವೇಗವನ್ನು ದಾಟಬಾರದು. ಮೂವರನ್ನು ಕೂರಿಸಿಕೊಂಡು ವಾಲ್ಪಾರೆಯ ನಲವತ್ತು ತಿರುವುಗಳ ಘಾಟಿ ಹತ್ತಿಸುವುದನ್ನು ಎರಡು ತಿಂಗಳು ತಡೆದುಕೊಳ್ಳಬಹುದು. (ಮೂವರನ್ನು ಕೂರಿಸುವುದು ಎರಡು ತಿಂಗಳ ಮೇಲೂ ತಪ್ಪೇ.) ದೊಡ್ಡ ಗೇರಿನಲ್ಲಿ ಎಂಜಿನ್ನು ಗೊಗ್ಗರುಗುಟ್ಟುವಂತೆ ಎಳೆಸುವುದೂ ಹಿಂಸೆಯೇ. ಬೆಳಿಗ್ಗೆ ಹೂಡಿದ ಕೂಡಲೆ ಆರ್ಭಟಿಸದೆ, ಎಣ್ಣೆ ಎಲ್ಲ ಕಡೆ ಮುಟ್ಟುವ ತನಕ ಮೆಲ್ಲಗೆ ಹೊರಡಬೇಕು.

ಇದನ್ನೆಲ್ಲ ಕೇಳಿ ‘ನಾವೇ ಪಳಗಿಸಿ ಕೊಡುತ್ತೇವೆ’ ಎಂದು ಉತ್ಸಾಹಗೊಂಡಿರುವ ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಮಾತು. ಗೇರಿನ ಮೋಟಾರು ಸೈಕಲ್ಲನ್ನು ಓಡಿಸಲು ಹದಿನೆಂಟು ತುಂಬಿರಬೇಕು, ಲೈಸೆನ್ಸೂ ಇರಬೇಕು. ೨೦೧೯ರಲ್ಲಿ ತಿದ್ದಿದ ಕಾನೂನಿನಂತೆ ಅಪ್ರಾಪ್ತ ವಯಸ್ಸಿನವರು ಬಂಡಿ ಓಡಿಸಿ ಅಪರಾಧವಾದರೆ ತಂದೆತಾಯಿಗಳಿಗೋ ಬಂಡಿಯ ಒಡೆಯನಿಗೋ ೨೫,೦೦೦ ರೂಪಾಯಿ ದಂಡವೂ ಮೂರು ವರ್ಷದ ವರೆಗೆ ಸೆರೆಯೂ ಆಗಬಹುದು. ಅಲ್ಲಿಯ ವರೆಗೆ ಕಡ್ಡಿಯನ್ನು ನೋಡುವ ಕೆಲಸ ನಿಮ್ಮದಾಗಿರಲಿ.

ಕೊಳ್ಳುವ ಕ್ರಮದಲ್ಲಿಯೂ ಎಚ್ಚರ ಬೇಕು. ಬಿಡಿಯಾಗಿ ಅಳೆದುಕೊಡುವ ಎಣ್ಣೆಯನ್ನು ಹೊಸ ಎಂಜಿನ್ನಿಗೆ ಹಾಕಬಾರದು. ಒಳ್ಳೆಯ ಹೆಸರಿನ ಖಾಲಿ ಡಬ್ಬಗಳಿಗೆ ಕಲಬೆರಕೆ ತುಂಬಿ ಮಾರುವ ಮೋಸಗಾರರೂ ಇದ್ದಾರೆ. ಮುಚ್ಚಳದ ಮುದ್ರೆ ಒಡೆಯದಿರುವುದನ್ನು ನೋಡಿ, ನಮ್ಮ ಕಣ್ಣೆದುರಿಗೆ ಒಡೆಯಿಸಿ, ಸುರಿದ ಮೇಲೆ ಡಬ್ಬವನ್ನು ಕೊಯ್ದು ಎಸೆಯಿರಿ. ರಸೀದಿಯನ್ನು ಪುಸ್ತಕದೊಳಗಿಡಿ. ಮುಂದೆ ಎಂಜಿನ್ನಿಗೆ ತೊಂದರೆ ಬಂದು ತಯಾರಕರ ಬಳಿ ವಾರಂಟಿ ಕೇಳುವಾಗ, ಮೊದಲ ಸರ್ವೀಸು ಸಕಾಲದಲ್ಲಿ ಆಯಿತೆಂದು ತೋರಿಸುವ ಸಾಕ್ಷಿ ಆ ಕಾಗದವೇ.

ಕೊನೆಯದಾಗಿ, ಇಳಿಸಿದ ಎಣ್ಣೆಯ ಗತಿ. ಮನೆಯಲ್ಲಿಯೇ ಬದಲಾಯಿಸುವವರು ಅದನ್ನು ಚರಂಡಿಗೆ ಸುರಿಯುವುದನ್ನು ನೋಡುತ್ತೇವೆ. ನಮ್ಮ ಚರಂಡಿಗಳು ಬಹುಮಟ್ಟಿಗೆ ಸೇರುವುದು ನೊಯ್ಯಲ್ ಹೊಳೆಯನ್ನು. ಬಣ್ಣದ ಕಾರ್ಖಾನೆಗಳ ನೀರಿನಿಂದ ಆ ಹೊಳೆಗೆ ಒದಗಿದ ದುರವಸ್ಥೆಯೂ, ೨೦೧೧ರ ಜನವರಿಯಲ್ಲಿ ಮದರಾಸು ಹೈಕೋರ್ಟು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿದಾಗ ಎಷ್ಟೋ ಮನೆಗಳ ಒಲೆ ಆರಿದುದೂ ಇಲ್ಲಿ ಕುಳಿತವರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಹಳೆಯ ಎಣ್ಣೆಯನ್ನು ಅದು ಬಂದ ಡಬ್ಬದಂತಹುದೇ ಒಂದು ಡಬ್ಬದಲ್ಲಿ ಹಿಡಿದು, ಮುಚ್ಚಳ ಬಿಗಿದು, ಸರ್ವೀಸು ಮಾಡುವ ಕಡೆ ಕೊಟ್ಟರೆ ಅವರಲ್ಲಿ ಅದಕ್ಕೆಂದೇ ಪೀಪಾಯಿ ಇರುತ್ತದೆ. ಪರವಾನಗಿ ಪಡೆದವರು ಅಲ್ಲಿಂದ ಅದನ್ನು ಕೊಂಡೊಯ್ದು ಮತ್ತೆ ಶುದ್ಧಿಮಾಡುತ್ತಾರೆ. ಲೋಹದ ಪುಡಿ ಕೂಡಿದ ಮೊದಲ ಎಣ್ಣೆಯನ್ನಂತೂ ಮಗ್ಗದ ಕೀಲಿಗೋ, ಬಾವಿಯ ಪಂಪಿಗೋ, ಬಾಗಿಲ ತಿರುಗಣಿಗೋ ಬಳಿಯಬಾರದು.